‘ಸೀಜ್’ ಎಂಬ ಕ್ರಿಯಾಪದವೂ ನರಗುಂದದ ಕೋಟೆಯೂ

ಇಂಗ್ಲಿಷಿನ ‘ಸೀಜ್’ ಎಂಬ ಕ್ರಿಯಾಪದ ನಮ್ಮವರಿಗೆಲ್ಲ ಬಾಯಿಪಾಠ. ಪೊಲೀಸರು ಲಾರಿಯನ್ನು ಸೀಜ್ ಮಾಡುತ್ತಾರೆ, ಬ್ಯಾಂಕಿನವರು ಟ್ರ್ಯಾಕ್ಟರನ್ನು. ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪದವೀಧರರ ಲೇಖನಿಯೂ ತಡವರಿಸುತ್ತದೆ. ಎಸ್ ಆದ ಮೇಲೆ ಐ ಮೊದಲೋ, ಇ ಮೊದಲೋ? ‘ಸಿ’ ಅಕ್ಷರದ ನಂತರ ಹೊರತು ಉಳಿದೆಡೆ ಐ ಮೊದಲು ಎಂದು ಶಾಲೆಯಲ್ಲಿ ಕಲಿಸಿದ ಸೂತ್ರ ಇಲ್ಲಿ ಕೈಕೊಡುತ್ತದೆ. ಸರಿಯಾದ ಕಾಗುಣಿತ ಎಸ್, ಇ, ಐ, ಝಡ್, ಇ. ಮುತ್ತಿಗೆ ಎಂಬ ಅರ್ಥದ ನಾಮಪದ ಬೇರೆ. ಅದು ಎಸ್, ಐ, ಇ, ಜಿ, ಇ. ನಮ್ಮ ನಾಲಗೆಯ ಮೇಲೆ ಎರಡೂ ‘ಸೀಜ್’ ಆಗಿಬಿಡುವುದರಿಂದ ತೊಡಕು ಇಮ್ಮಡಿಸಿದೆ.

ಇವೆರಡರ ಭೇದವನ್ನು ತಿಳಿಸಲು ನರಗುಂದದ ಗುಡ್ಡಕ್ಕಿಂತ ಒಳ್ಳೆಯ ಕರಿಹಲಗೆ ನನಗೆ ಕಾಣದು. ಕಪ್ಪವನ್ನು ಹೆಚ್ಚಿಸಬೇಕೆಂದು ಟಿಪ್ಪು ಸುಲ್ತಾನನು ಕೇಳಿದನು; ವೆಂಕಟರಾವ್ ಭಾವೆಯವರು ಒಪ್ಪಲಿಲ್ಲ. ೧೭೮೫ರಲ್ಲಿ ಮೈಸೂರಿನ ಸೈನ್ಯ ಗುಡ್ಡದ ಸುತ್ತ ತಿಂಗಳುಗಟ್ಟಲೆ ಕುಳಿತಿತು. ಕುಳಿತಿತು ಎಂಬುದೇ ಸರಿಯಾದ ಮಾತು. ಮುತ್ತಿಗೆಯ ಆ ಇಂಗ್ಲಿಷ್ ಪದದ ಮೂಲ, ಕುಳಿತುಕೊಳ್ಳು ಎಂಬರ್ಥದ ಲ್ಯಾಟಿನ್ ಧಾತು. ಕೊನೆಗೆ ಕೋಟೆ ಶರಣಾಯಿತು, ವೆಂಕಟರಾಯರು ಸೆರೆಯಾದರು. ಮೊದಲು ನಾಮಪದ, ಆಮೇಲೆ ಕ್ರಿಯಾಪದ.

ಕ್ರಿಯಾಪದದ ಪೂರ್ವಚರಿತ್ರೆ ಇನ್ನೂ ಸ್ವಾರಸ್ಯವಾದುದು. ಹಳೆಯ ಫ್ರೆಂಚಿನಿಂದ ಇಂಗ್ಲೆಂಡಿನ ಕಾನೂನಿಗೆ ಅದು ಬಂದಾಗ, ಭೂಮಿಯನ್ನು ಒಬ್ಬನ ಸ್ವಾಧೀನಕ್ಕೆ ವಿಧಿವತ್ತಾಗಿ ಒಪ್ಪಿಸುವುದೆಂಬ ಅರ್ಥವೂ ಅದಕ್ಕಿತ್ತು. ಆ ಅರ್ಥದಲ್ಲಿ ಝಡ್ ಬದಲು ಎಸ್ ಬರೆಯುವ ರೂಢಿ ಕಾನೂನಿನ ಗ್ರಂಥಗಳಲ್ಲಿ ಉಳಿದಿದೆ. ಒಂದು ವ್ಯಾಜ್ಯ ತಮ್ಮ ವಿಚಾರಣೆಯಲ್ಲಿದೆ ಎನ್ನಲು ನಮ್ಮ ನ್ಯಾಯಾಲಯಗಳು ಇಂದಿಗೂ ಈ ಪದವನ್ನೇ ಬಳಸುತ್ತವೆ. ನ್ಯಾಯಾಲಯವನ್ನೇ ಯಾರೋ ಜಪ್ತಿ ಮಾಡಿದರೆಂದು ಓದುಗರು ಗಾಬರಿಯಾಗಬೇಕಿಲ್ಲ!

ಕೊಡುವ ಮಾತು ಕಸಿಯುವ ಮಾತಾದರೆ ಏನಾಗುತ್ತದೆಂಬುದನ್ನು ನರಗುಂದ ಕಂಡುಂಡಿತು. ಗಂಡುಸಂತಾನವಿಲ್ಲದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು ಕಂಪನಿ ಸರಕಾರದಿಂದ ಬೇಡಿದ್ದು ದತ್ತಕಕ್ಕೆ ಅನುಮತಿಯನ್ನು; ಅಂದರೆ ಮನೆತನದ ಸ್ವಾಧೀನಕ್ಕೊಂದು ಮುದ್ರೆಯನ್ನು, ಹಳೆಯ ಅರ್ಥದ ಸೀಜನ್ನು. ಅದು ದೊರೆಯಲಿಲ್ಲ. ೧೮೫೮ರ ಮೇ ೨೯ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆಯಾಯಿತು. ಜೂನ್ ಮೊದಲಲ್ಲೇ ಮಾಲ್ಕಮ್ಮನ ಪಡೆ ನರಗುಂದಕ್ಕೆ ಬಂತು. ಊರ ಬಳಿ ಕಾಳಗ ನಡೆಯಿತು. ಕೋಟೆ ಹತ್ತಿ ನೋಡಿದರೆ ಎದುರಿಸುವವರು ಉಳಿದಿರಲಿಲ್ಲ. ಟಿಪ್ಪುವಿನ ದಂಡಿಗೆ ತಿಂಗಳುಗಳು ಹಿಡಿದ ಕೆಲಸ ಎರಡು ದಿನದಲ್ಲಿ ಮುಗಿಯಿತು. ಈ ಸಲ ನಾಮಪದ ಬೇಕಾಗಲೇ ಇಲ್ಲ, ಬರಿಯ ಕ್ರಿಯಾಪದ ಸಾಕಾಯಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರು ಸೆರೆಸಿಕ್ಕರು. ಜೂನ್ ೧೨ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಸಂಸ್ಥಾನ ಜಪ್ತಾಯಿತು.

ಈ ‘ಜಪ್ತಿ’ ಕೂಡ ಅರಬ್ಬಿಯಿಂದ ಬಂದ ಪರದೇಶದ ಮಾತೇ. ಆದರೆ ಅದನ್ನು ಕನ್ನಡದಲ್ಲಿ ತಪ್ಪು ಬರೆದ ಗುಮಾಸ್ತನನ್ನು ನಾನಿನ್ನೂ ಕಂಡಿಲ್ಲ.