ಕೆಂಪು ದ್ರಾಕ್ಷಿತೋಟದ ಕೂಲಿಯಾಳುಗಳು

ನನ್ನ ತಾಯಿ ಮೂವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ನೇಜಿ ನೆಟ್ಟವರು. ಧನಿಗಳ ಲೆಕ್ಕಪುಸ್ತಕದಲ್ಲಿ ಭತ್ತದ ಸೇರಿನ ಲೆಕ್ಕವಿತ್ತು, ನೆಟ್ಟವರ ಹೆಸರಿರಲಿಲ್ಲ. ಅದರಿಂದಲೋ ಏನೋ, ವ್ಯಾನ್‌ಗೋನ 'ಕೆಂಪು ದ್ರಾಕ್ಷಿತೋಟ'ದ ಅಚ್ಚುಪ್ರತಿಯನ್ನು ಮೊದಲು ಕಂಡಾಗ ನನ್ನ ಕಣ್ಣು ಹೋದದ್ದು ಮುಳುಗುವ ಸೂರ್ಯನ ಕಡೆಗಲ್ಲ, ಬಾಗಿದ ಬೆನ್ನುಗಳ ಕಡೆಗೆ.

1888ರಲ್ಲಿ ಡಚ್ ಕಲಾವಿದ ವಿನ್ಸೆಂಟ್ ವ್ಯಾನ್‌ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿದ್ದ. ಅಕ್ಟೋಬರ್ 23ರಂದು ಪಾಲ್ ಗೊಗ್ಯಾಂ ಬಂದು ಅವನೊಂದಿಗೆ ವಾಸಕ್ಕೆ ನಿಂತ. ಆ ಬಳಿಕ, ಮಳೆ ಬಿಟ್ಟ ಒಂದು ಭಾನುವಾರ ಸಂಜೆ, ತಿರುಗಾಡಲು ಹೋದ ಇಬ್ಬರಿಗೂ ದ್ರಾಕ್ಷಿಮದ್ಯದಂತೆ ಕೆಂಪಾದ ತೋಟವೊಂದು ಕಣ್ಣಿಗೆ ಬಿತ್ತು. ತಮ್ಮ ಥಿಯೋನಿಗೆ ಅದನ್ನು ಬಣ್ಣಿಸಿ ಬರೆದ ವಿನ್ಸೆಂಟ್, ನವೆಂಬರಿನಲ್ಲಿ ನೆನಪಿನಿಂದಲೇ ಚಿತ್ರ ರಚಿಸಿದ. ಹಳದಿ ಆಕಾಶ, ಅದನ್ನು ಪ್ರತಿಫಲಿಸುವ ಒದ್ದೆ ದಾರಿ, ಒಂದು ಕುದುರೆಗಾಡಿ, ದ್ರಾಕ್ಷಿ ಕೊಯ್ಯುವ ಹೆಂಗಸರು. ಇಂಥ ಚಿತ್ರಗಳಿಗೆ ಅಂಟಿದ 'ಪೋಸ್ಟ್ ಇಂಪ್ರೆಷನಿಸಂ' ಎಂಬ ಹೆಸರು ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ಚಲಾವಣೆಗೆ ತಂದದ್ದು 1910ರ ಲಂಡನ್ ಪ್ರದರ್ಶನದಲ್ಲಿ ರೋಜರ್ ಫ್ರೈ.

1890ರ ಆರಂಭದಲ್ಲಿ ಬ್ರಸೆಲ್ಸಿನ 'ಲೆ ವ್ಯಾಂ' ಕಲಾವಿದರ ಕೂಟದ ಪ್ರದರ್ಶನದಲ್ಲಿ ಈ ಚಿತ್ರವನ್ನು ಅನ್ನಾ ಬಾಕ್ 400 ಫ್ರಾಂಕಿಗೆ ಕೊಂಡಳು. ಅವಳೂ ಚಿತ್ರಕಲಾವಿದೆ, ಆ ಕೂಟದ ಸದಸ್ಯೆ. ಅವಳ ತಮ್ಮ ಯೂಜೀನನು ವಿನ್ಸೆಂಟನ ಗೆಳೆಯ. ಬದುಕಿದ್ದಾಗ ವ್ಯಾನ್‌ಗೋ ಮಾರಿದ್ದು ಇದೊಂದನ್ನೇ ಎಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. 1882ರಲ್ಲೇ ಅವನ ಚಿಕ್ಕಪ್ಪ ಹೇಗ್ ನಗರದ ರೇಖಾಚಿತ್ರಗಳನ್ನು ಹಣ ಕೊಟ್ಟು ಬರೆಯಿಸಿಕೊಂಡಿದ್ದ. ಅದೇನಿದ್ದರೂ ಈ ಮಾರಾಟವಾದ ಕೆಲವೇ ತಿಂಗಳಲ್ಲಿ, ಜುಲೈ 29ರಂದು, ವಿನ್ಸೆಂಟ್ ತೀರಿಕೊಂಡ.

ಮುಂದಿನ ಕಥೆ ಇನ್ನೂ ವಿಚಿತ್ರ. 1909ರಲ್ಲಿ ಚಿತ್ರ ಮಾಸ್ಕೋದ ಇವಾನ್ ಮೊರೊಜೋವನ ಕೈ ಸೇರಿತು. ಅವನು ಬಟ್ಟೆ ಗಿರಣಿಗಳ ಒಡೆಯ. ಕೂಲಿಯವರ ಚಿತ್ರ ಗಿರಣಿ ಧನಿಯ ಮನೆಯ ಗೋಡೆ ಏರಿತು! ಕ್ರಾಂತಿಯಾದ ಮೇಲೆ, 1918ರಲ್ಲಿ, ಅವನ ಸಂಗ್ರಹವನ್ನು ದುಡಿಯುವವರ ಹೆಸರಿನಲ್ಲಿ ಸರಕಾರ ವಶಪಡಿಸಿಕೊಂಡಿತು. ಆದರೆ 1948ರಲ್ಲಿ ಅದೇ ವ್ಯವಸ್ಥೆ ಇಂಥ ಚಿತ್ರಗಳನ್ನು ಬೂರ್ಜ್ವಾ ಕಲೆಯೆಂದು ಜರೆದು, ಅವನ್ನು ಇಟ್ಟಿದ್ದ ಮ್ಯೂಸಿಯಮ್ಮನ್ನೇ ಮುಚ್ಚಿತು. 'ಕೆಂಪು ದ್ರಾಕ್ಷಿತೋಟ' ಮಾಸ್ಕೋದ ಪುಷ್ಕಿನ್ ಮ್ಯೂಸಿಯಮ್ಮಿಗೆ ಹೋಯಿತು. ಈಗಲೂ ಅದು ಅಲ್ಲಿಯದೇ ಸೊತ್ತು.

ಹೀಗೆ ಬರೆದವನ, ಕೊಂಡವಳ, ಸಂಗ್ರಹಿಸಿದವನ, ವಶಪಡಿಸಿಕೊಂಡವರ ಹೆಸರುಗಳೆಲ್ಲ ನಮಗೆ ಗೊತ್ತು. 400 ಫ್ರಾಂಕಿನ ಲೆಕ್ಕವೂ ಉಳಿದಿದೆ. ದ್ರಾಕ್ಷಿ ಕೊಯ್ದವರ ಕೂಲಿ ಎಷ್ಟೆಂದು ಈ ಚಿತ್ರದ ಚರಿತ್ರೆ ಹೇಳುವುದಿಲ್ಲ. ಆದರೂ ಒಬ್ಬ ಅವರನ್ನು ನೆನಪಿಟ್ಟುಕೊಂಡು ಬರೆದ. ನನ್ನ ತಾಯಿಯ ಬಾಗಿದ ಬೆನ್ನಿಗೆ ಅಷ್ಟೂ ದೊರೆಯಲಿಲ್ಲ. ಅದಕ್ಕಾಗಿಯೇ ಈ ನಾಲ್ಕು ಮಾತು.