ಹರೆಯದ ಕಾದಂಬರಿಗಳಲ್ಲಿ ಒಲವೂ ಗೆಳೆತನವೂ

ಕನ್ನಡದಲ್ಲಿ ‘ನಾವೆಲ್’ ಎಂಬ ಸಾಹಿತ್ಯಪ್ರಕಾರಕ್ಕೆ ‘ಕಾದಂಬರಿ’ ಎಂಬ ಹೆಸರು ಹೇಗೆ ಬಂದಿತೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ಏಳನೆಯ ಶತಮಾನದಲ್ಲಿ ಹರ್ಷ ಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ಸಂಸ್ಕೃತದಲ್ಲಿ ಒಂದು ಗದ್ಯಕಥೆಯನ್ನು ಬರೆಯತೊಡಗಿದನು. ಅದು ಮುಗಿಯುವ ಮೊದಲೇ ಆತನು ತೀರಿಕೊಳ್ಳಲು, ಮಗನಾದ ಭೂಷಣಭಟ್ಟನು ಉತ್ತರಭಾಗವನ್ನು ರಚಿಸಿ ಪೂರೈಸಿದನು. ಆ ಕಥೆಯ ನಾಯಿಕೆಯೇ ಕಾದಂಬರಿ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮನು ಅದನ್ನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪೂಕಾವ್ಯವಾಗಿ ಕನ್ನಡಕ್ಕೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮದ ಬಗೆಯ ಹೊಸ ಗದ್ಯಕಥೆಗಳು ನಮ್ಮಲ್ಲಿ ಹುಟ್ಟಿದಾಗ ಕನ್ನಡಿಗರೂ ಮರಾಠಿಗರೂ ಆ ಹೆಣ್ಣಿನ ಹೆಸರನ್ನೇ ಅವುಗಳಿಗೆ ಇಟ್ಟರು.

ಇಷ್ಟನ್ನು ಬಲ್ಲ ನಾವು ಮರೆಯುವ ಮಾತೊಂದುಂಟು. ಅದೇನೆಂದರೆ, ಆ ಕಥೆ ಹರೆಯದವರ ಕಥೆ. ಅದರಲ್ಲಿ ಒಲವು ಎಷ್ಟಿದೆಯೋ ಗೆಳೆತನವೂ ಅಷ್ಟೇ ಇದೆ. ತಪಸ್ವಿಕುಮಾರನಾದ ಪುಂಡರೀಕನು ಮಹಾಶ್ವೇತೆಯನ್ನು ಕಂಡು ಮನಸ್ಸು ಕಳೆದುಕೊಂಡಾಗ ಅವನನ್ನು ತಡೆದು ಬುದ್ಧಿ ಹೇಳುವವನು ಗುರುವಲ್ಲ, ತಂದೆಯಲ್ಲ, ಗೆಳೆಯನಾದ ಕಪಿಂಜಲ. ಬುದ್ಧಿಮಾತು ಫಲಿಸದೆ ಹೋದಾಗ ಗೆಳೆಯನ ಪ್ರಾಣ ಉಳಿಯಲೆಂದು ತಾನೇ ಸಂಕೋಚ ಬಿಟ್ಟು ಆ ಕನ್ಯೆಯ ಬಳಿಗೆ ಹೋಗಿ ಬೇಡುವವನೂ ಅವನೇ. ಪುಂಡರೀಕನು ಅಗಲಿದ ಮೇಲೆ ಮಹಾಶ್ವೇತೆ ಅಚ್ಛೋದ ಸರೋವರದ ದಡದಲ್ಲಿ ತಪಸ್ಸಿಗೆ ನಿಲ್ಲುತ್ತಾಳೆ. ಗೆಳತಿ ದುಃಖದಲ್ಲಿರುವಷ್ಟು ಕಾಲ ತಾನು ಮದುವೆಯಾಗುವುದಿಲ್ಲವೆಂದು ಕಾದಂಬರಿ ಪಣ ತೊಡುತ್ತಾಳೆ. ಇನ್ನು ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ. ಬಾಲ್ಯದಿಂದ ಜೊತೆಗೆ ಬೆಳೆದ ವೈಶಂಪಾಯನನ ಗತಿಯನ್ನು ಕೇಳಿದೊಡನೆ ಅವನ ಎದೆಯೊಡೆಯುತ್ತದೆ. ಕಾದಂಬರಿಯ ನಲ್ಲನು ಪ್ರಾಣ ಬಿಟ್ಟುದು ಗೆಳೆಯನ ಅಳಲಿನಿಂದ!

ಹಿರಿಯರ ಉಪದೇಶವೂ ಆ ಕಥೆಯಲ್ಲಿಲ್ಲದೆ ಇಲ್ಲ. ಯುವರಾಜ ಪಟ್ಟಕ್ಕೆ ಮುನ್ನ ಮಂತ್ರಿ ಶುಕನಾಸನು ಚಂದ್ರಾಪೀಡನಿಗೆ ಯೌವನದ ಕತ್ತಲೆಯ ಬಗೆಗೆ, ಸಂಪತ್ತಿನ ಮದದ ಬಗೆಗೆ ದೀರ್ಘವಾಗಿ ಹೇಳುತ್ತಾನೆ. ಸಂಸ್ಕೃತದ ಪಠ್ಯಗಳಲ್ಲಿ ‘ಶುಕನಾಸೋಪದೇಶ’ವೆಂದು ಈ ಭಾಗವನ್ನು ಬಿಡಿಸಿ ಪಾಠಕ್ಕಿಡುವ ರೂಢಿ ಬಹು ಕಾಲದಿಂದ ಉಂಟು. ಬಾಣನು ಉಪದೇಶವನ್ನು ಕಥೆಯ ಒಳಗಿಟ್ಟನು. ನಾವು ಉಪದೇಶವನ್ನು ಉಳಿಸಿಕೊಂಡು ಕಥೆಯನ್ನು ಹೊರಗಿಟ್ಟೆವು. ವಿನೋದವೆಂದರೆ ಇದೇ.

ಈ ಹಳೆಯ ಸಂಗತಿಯನ್ನು ಈಗ ಎತ್ತಿದುದಕ್ಕೆ ಕಾರಣವಿದೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನ್ನಂಥವರನ್ನು ತಂದೆತಾಯಿಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದು: “ಮೇಷ್ಟ್ರೇ, ನಮ್ಮ ಹುಡುಗಿ ಪಾಠದ ಪುಸ್ತಕ ಬಿಟ್ಟು ಪ್ರೀತಿ ಪ್ರೇಮದ ಇಂಗ್ಲಿಷು ಕಾದಂಬರಿಗಳನ್ನು ಓದುತ್ತಾಳೆ; ಏನು ಮಾಡೋಣ?” ಕಸಿದುಕೊಳ್ಳಿ ಎನ್ನುವುದು ಸುಲಭದ ಉತ್ತರ. ಆದರೆ ಈ ಬಗೆಯ ಪುಸ್ತಕಗಳು ಎಲ್ಲಿಂದ ಬಂದವು, ಹರೆಯದವರು ಅವುಗಳಲ್ಲಿ ಏನನ್ನು ಹುಡುಕುತ್ತಾರೆ ಎಂಬುದನ್ನು ತಿಳಿದ ಮೇಲೆ ಉತ್ತರ ಕೊಡುವುದು ನ್ಯಾಯವಲ್ಲವೆ?

ಹಿರಿಯರ ಅಂಜಿಕೆ ಹೊಸದಲ್ಲ. ೧೭೭೪ರಲ್ಲಿ ಜರ್ಮನ್ ಕವಿ ಗಯಟೆಯು ವೆರ್ಟರನೆಂಬ ತರುಣನ ಕಥೆಯನ್ನು ಪ್ರಕಟಿಸಿದನು. ಅನ್ಯರಿಗೆ ನಿಶ್ಚಯವಾದ ಹೆಣ್ಣನ್ನು ಪ್ರೀತಿಸಿ ಕೊನೆಗೆ ಪ್ರಾಣ ಕಳೆದುಕೊಂಡವನ ಕಥೆ ಅದು. ಯುರೋಪಿನ ತರುಣರು ಅವನಂತೆಯೇ ನೀಲಿ ಕೋಟು, ಹಳದಿ ಒಳಅಂಗಿ ತೊಟ್ಟು ಓಡಾಡತೊಡಗಿದರು. ೧೭೭೫ರಲ್ಲಿ ಲೈಪ್‌ಜಿಗ್ ನಗರದ ಅಧಿಕಾರಿಗಳು ಪುಸ್ತಕವನ್ನೂ ಆ ಉಡುಪನ್ನೂ ನಿಷೇಧಿಸಿದರು. ಆ ಕಾದಂಬರಿಯಲ್ಲಿ ಗಮನಿಸಬೇಕಾದುದೊಂದಿದೆ. ಅದರ ಬಹುಭಾಗ ವೆರ್ಟರನು ದೂರದ ಗೆಳೆಯನಾದ ವಿಲ್‌ಹೆಲ್ಮನಿಗೆ ಬರೆದ ಪತ್ರಗಳು. ಗೆಳೆಯನ ಉತ್ತರಗಳು ಮಾತ್ರ ಪುಸ್ತಕದಲ್ಲಿಲ್ಲ. ಗೆಳೆಯನ ಮಾತು ನಮಗೆ ಕೇಳಿಸುವುದೇ ಇಲ್ಲ. ಪುಂಡರೀಕನ ಪಕ್ಕದಲ್ಲಿ ಕಪಿಂಜಲನಾದರೂ ಇದ್ದನು. ವೆರ್ಟರನ ಪಕ್ಕದಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ.

ಅಮೆರಿಕದಲ್ಲಿ ಲೂಯಿಸಾ ಮೇ ಆಲ್ಕಾಟ್ ಎಂಬ ಲೇಖಕಿಗೆ, ಹುಡುಗಿಯರಿಗಾಗಿ ಒಂದು ಪುಸ್ತಕ ಬರೆದುಕೊಡಿರೆಂದು ಪ್ರಕಾಶಕರು ಕೇಳಿದರು. ಹಾಗೆ ಹುಟ್ಟಿದುದು ‘ಲಿಟಲ್ ವಿಮೆನ್’. ೧೮೬೮ರಲ್ಲಿ ಮೊದಲ ಭಾಗ ಬಂದೊಡನೆ ಓದುಗ ಹುಡುಗಿಯರಿಂದ ಲೇಖಕಿಗೆ ಪತ್ರಗಳು ಬಂದವು: ಜೋ ಎಂಬ ಹುಡುಗಿಗೂ ನೆರೆಮನೆಯ ಲಾರಿಗೂ ಮದುವೆ ಮಾಡಿಸಬೇಕು! ಆಲ್ಕಾಟ್ ಒಪ್ಪಲಿಲ್ಲ. ಮರುವರ್ಷದ ಎರಡನೆಯ ಭಾಗದಲ್ಲಿ ಲಾರಿ ತನ್ನ ಒಲವನ್ನು ಹೇಳಿಕೊಳ್ಳುತ್ತಾನೆ, ಜೋ ಒಲ್ಲೆನೆನ್ನುತ್ತಾಳೆ. ಅವನು ನೊಂದು ದೂರ ಹೋಗುತ್ತಾನೆ, ಆದರೆ ಕಾಲ ಕಳೆದಂತೆ ಗೆಳೆಯನಾಗಿಯೇ ಮರಳುತ್ತಾನೆ. ‘ಒಲ್ಲೆ’ ಎಂಬ ಮಾತಿಗೆ ಮನ್ನಣೆ ಕೊಟ್ಟೂ ಸ್ನೇಹ ಉಳಿಯಬಹುದೆಂಬುದನ್ನು ಆ ಪುಸ್ತಕ ತರುಣಿಯರಿಗೂ ತರುಣರಿಗೂ ಒಂದೂವರೆ ಶತಮಾನದಿಂದ ಹೇಳುತ್ತಿದೆ.

ಹರೆಯವೆಂಬುದು ಬಾಲ್ಯವೂ ಅಲ್ಲದ ಪ್ರೌಢತೆಯೂ ಅಲ್ಲದ ಬೇರೊಂದು ಅವಸ್ಥೆಯೆಂದು ಶಾಸ್ತ್ರೀಯವಾಗಿ ವಿಚಾರ ಮಾಡುವ ಕೆಲಸಕ್ಕೆ, ೧೯೦೪ರಲ್ಲಿ ಸ್ಟ್ಯಾನ್ಲಿ ಹಾಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಪ್ರಕಟಿಸಿದ ದೊಡ್ಡ ಗ್ರಂಥವು ಬಲ ಕೊಟ್ಟಿತು. ಗ್ರಂಥಾಲಯಗಳಲ್ಲಿ ಆ ವಯಸ್ಸಿನವರಿಗಾಗಿ ಬೇರೆ ಕಪಾಟು, ಬೇರೆ ಪಟ್ಟಿ ಬೇಕೆಂದು ಅಲ್ಲಿಯ ಗ್ರಂಥಪಾಲಕಿಯರು ದುಡಿದರು. ೧೯೫೭ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ‘ಯಂಗ್ ಅಡಲ್ಟ್’ ಓದುಗರ ಸೇವೆಗೆಂದು ಪ್ರತ್ಯೇಕ ವಿಭಾಗವನ್ನು ತೆರೆಯಿತು. ಕಪಾಟು ಸಿದ್ಧವಾಯಿತು; ಅದಕ್ಕೆ ತಕ್ಕ ಪುಸ್ತಕಗಳು ಬರಬೇಕಾಗಿದ್ದವು.

ತಂದವಳು ಶಾಲೆಯ ಹುಡುಗಿಯೇ. ಒಕ್ಲಹೋಮಾದ ಟಲ್ಸಾ ನಗರದ ಎಸ್. ಇ. ಹಿಂಟನ್ ತನ್ನ ಹದಿನೈದನೆಯ ವಯಸ್ಸಿನಲ್ಲಿ ಬರೆಯತೊಡಗಿದ ‘ದಿ ಔಟ್‌ಸೈಡರ್ಸ್’ ೧೯೬೭ರಲ್ಲಿ, ಆಕೆಗೆ ಹದಿನೆಂಟಾಗಿದ್ದಾಗ ಪ್ರಕಟವಾಯಿತು. ಹುಡುಗಿ ಬರೆದುದೆಂದು ವಿಮರ್ಶಕರು ಕಡೆಗಣಿಸಬಾರದೆಂದು ಹೆಸರಿನ ಮೊದಲಕ್ಷರಗಳನ್ನಷ್ಟೇ ಮುದ್ರಿಸಿದರು. ಬಡ ಹುಡುಗರ ಗುಂಪು, ಸಿರಿವಂತ ಹುಡುಗರ ಗುಂಪು, ಅವುಗಳ ನಡುವಣ ಹಗೆ, ಬಡವರೊಳಗಿನ ಗಾಢವಾದ ಗೆಳೆತನ – ಇದೇ ಅದರ ವಸ್ತು. ತನ್ನ ವಯಸ್ಸಿನವರು ನಿಜವಾಗಿ ಬದುಕುವ ಬದುಕು ಪುಸ್ತಕಗಳಲ್ಲಿ ಎಲ್ಲಿಯೂ ಕಾಣದಿದ್ದುದರಿಂದಲೇ ಆಕೆ ಅದನ್ನು ಬರೆದಳು.

ಆಮೇಲೆ ಬಂದವು ಹಲವು. ೧೯೭೫ರಲ್ಲಿ ಜೂಡಿ ಬ್ಲೂಮ್ ಬರೆದ ‘ಫಾರೆವರ್’ ಹರೆಯದ ಒಲವನ್ನು ಮುಚ್ಚುಮರೆಯಿಲ್ಲದೆ ಹೇಳಿದುದಕ್ಕಾಗಿ ಅನೇಕ ಶಾಲೆಗಳ ಗ್ರಂಥಾಲಯಗಳಿಂದ ಹೊರಬಿದ್ದಿತು. ಆದರೆ ಅದು ಹೇಳುವುದೇನು? ಎಂದೆಂದಿಗೂ ಎಂದುಕೊಂಡ ಮೊದಲ ಒಲವು ಮುಗಿಯಬಹುದು, ಮುಗಿದರೂ ಬದುಕು ಮುಗಿಯುವುದಿಲ್ಲ ಎಂಬುದನ್ನು. ೧೯೭೭ರ ‘ಬ್ರಿಜ್ ಟು ಟೆರಬಿಥಿಯಾ’ ಇನ್ನೂ ಎಳೆಯರ ಕಥೆ. ಹತ್ತರ ಹರೆಯದ ಹುಡುಗನೊಬ್ಬ ತನ್ನ ಗೆಳತಿಯ ಸಾವನ್ನು ಎದುರಿಸುವ ಬಗೆ. ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ನರ ಮಗನ ಪುಟ್ಟ ಗೆಳತಿ ೧೯೭೪ರಲ್ಲಿ ಸಿಡಿಲಿಗೆ ಬಲಿಯಾಗಿದ್ದಳು. ಮಗನ ದುಃಖಕ್ಕೆ ತಾಯಿ ಕಂಡುಕೊಂಡ ಮಾತೇ ಆ ಪುಸ್ತಕ. ೨೦೧೨ರಲ್ಲಿ ಜಾನ್ ಗ್ರೀನ್ ಬರೆದ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ನಮ್ಮೂರ ಮಕ್ಕಳ ಕೈಯಲ್ಲಿಯೂ ಕಾಣುವ ಪುಸ್ತಕ. ೨೦೨೦ರಲ್ಲಿ ಅದು ‘ದಿಲ್ ಬೇಚಾರಾ’ ಎಂಬ ಹಿಂದಿ ಚಿತ್ರವೂ ಆಯಿತು. ಅರ್ಬುದ ರೋಗಕ್ಕೆ ಸಿಕ್ಕ ಇಬ್ಬರು ತರುಣರ ಒಲವಿನ ಕಥೆಯೆಂದು ಅದನ್ನು ಕರೆಯುತ್ತಾರೆ. ಆದರೆ ಅದರಲ್ಲಿ ರೋಗದಿಂದ ಕಣ್ಣು ಕಳೆದುಕೊಂಡ ಐಸಾಕ್ ಎಂಬ ಗೆಳೆಯನೂ ಇದ್ದಾನೆ. ಅವನಿಲ್ಲದೆ ಆ ಕಥೆ ನಿಲ್ಲದು.

ಈಗ ನಮ್ಮ ಮನೆಯ ಕಡೆ ನೋಡೋಣ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಪ್ರಕಟವಾಯಿತು. ಎಳವೆಯಲ್ಲಿಯೇ ವಿಧವೆಯಾದ ಹುಡುಗಿ ಓದಿ ಮರುಮದುವೆಯಾಗುವ ಕಥೆ ಅದು. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ೧೯೩೫ರದು. ಕ್ರಿಕೆಟ್ ಪಂದ್ಯಕ್ಕೆ ಬಾರದೆ ಹೋದ ಸ್ವಾಮಿಯ ಮೇಲೆ ರಾಜಮ್ ಮುನಿಸಿಕೊಂಡಿದ್ದಾನೆ. ಊರು ಬಿಟ್ಟು ಹೋಗುವ ಅವನಿಗೆ ರೈಲು ನಿಲ್ದಾಣದಲ್ಲಿ ಕೊಡಲು ಸ್ವಾಮಿ ತಂದಿರುವುದು ಒಂದು ಕಥೆಯ ಪುಸ್ತಕ. ರಾಜಮ್ ಮನ್ನಿಸಿದನೋ ಇಲ್ಲವೋ ಎಂಬುದು ಸ್ವಾಮಿಗೂ ತಿಳಿಯದು, ನಮಗೂ ತಿಳಿಯದು. ಹಿಂಟನ್‌ಳ ಪುಸ್ತಕ ಬಂದ ೧೯೬೭ರಲ್ಲಿಯೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹೊರಬಂದಿತು. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಚಿನ್ನಮ್ಮ ಇರುಳಿನಲ್ಲಿ ಕಾಡು ಹೊಕ್ಕಾಗ ಅವಳಿಗೆ ಜೊತೆಯಾದವಳು ಕೂಲಿಯಾಳು ಐತನ ಹೆಂಡತಿ ಪೀಂಚಲು. ಅಲ್ಲಿಯೂ ಒಲವಿಗೆ ದಾರಿ ತೋರಿಸಿದುದು ಗೆಳೆತನವೇ. ಜಾತಿ ಅಂತಸ್ತುಗಳನ್ನು ದಾಟಿದ ಗೆಳೆತನ.

ಆದರೆ ಇವು ಯಾವುವೂ ಹದಿಹರೆಯದವರಿಗೆಂದೇ ಬರೆದವಲ್ಲ. ಕನ್ನಡದಲ್ಲಿ ಎಳೆಯರಿಗೆ ಪಂಜೆ ಮಂಗೇಶರಾಯರು, ರಾಜರತ್ನಂ, ಕಾರಂತರು ಬರೆದರು; ದೊಡ್ಡವರಿಗೆ ಕಾದಂಬರಿಗಳ ಹೊಳೆಯೇ ಹರಿಯಿತು. ನಡುವಣ ಹದಿಮೂರರಿಂದ ಹದಿನೇಳರವರೆಗಿನ ಮಕ್ಕಳು ಅಕ್ಕನೋ ಅತ್ತಿಗೆಯೋ ತಂದ ತ್ರಿವೇಣಿಯವರ, ಅ.ನ.ಕೃ. ಅವರ, ತ.ರಾ.ಸು. ಅವರ ಕಾದಂಬರಿಗಳನ್ನು ಕದ್ದು ಓದಿ ಬೆಳೆದರು. ೨೦೧೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದ ಮೇಲೆ ಕಿರಿಯರ ಕಾದಂಬರಿಗಳಿಗೆ ಒಂದಿಷ್ಟು ಗೌರವ ದೊರೆಯಿತು. ೨೦೧೧ರಲ್ಲಿ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕನ್ನಡಕ್ಕೆ ಆ ಪುರಸ್ಕಾರವನ್ನು ತಂದಿತು. ಅದೇ ವರ್ಷ ಇಂಗ್ಲಿಷಿನಲ್ಲಿ ಪುರಸ್ಕೃತವಾದುದು ಸಿದ್ಧಾರ್ಥ ಶರ್ಮರ ‘ದಿ ಗ್ರಾಸ್‌ಹಾಪರ್ಸ್ ರನ್’. ೧೯೪೪ರ ಯುದ್ಧದಲ್ಲಿ ಕೊಲೆಯಾದ ನಾಗಾ ಗೆಳೆಯನಿಗಾಗಿ ಹೊರಡುವ ಅಸ್ಸಾಮಿನ ಹುಡುಗನ ಕಥೆ. ೨೦೨೩ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕಾದಂಬರಿಗೆ ಮನ್ನಣೆ ದೊರೆಯಿತು. ಇವು ಸಂತೋಷದ ಸಂಗತಿಗಳು. ಆದರೂ ಹರೆಯದ ಒಲವನ್ನೂ ಗೆಳೆತನವನ್ನೂ ಒಟ್ಟಿಗೆ ಹಿಡಿದು, ಆ ವಯಸ್ಸಿನವರಿಗೆಂದೇ ಹೇಳುವ ಕನ್ನಡ ಕಾದಂಬರಿಗಳು ವಿರಳ. ಆದುದರಿಂದಲೇ ಮಕ್ಕಳು ಇಂಗ್ಲಿಷಿಗೆ ಹೋಗುತ್ತಾರೆ. ಇಂಗ್ಲಿಷು ಬಾರದವರು ಮೊಬೈಲಿಗೆ ಹೋಗುತ್ತಾರೆ. ತನ್ನ ಎದೆಯ ಮೊದಲ ತಳಮಳಕ್ಕೆ ತನ್ನ ನುಡಿಯಲ್ಲಿ ಮಾತು ಸಿಗದ ಮಗು ಆ ನುಡಿಯನ್ನು ಪರೀಕ್ಷೆಯ ನುಡಿಯೆಂದು ಮಾತ್ರ ತಿಳಿದರೆ ತಪ್ಪು ಮಗುವಿನದಲ್ಲ.

ಹಾಗಾದರೆ ಎಲ್ಲ ಪುಸ್ತಕಗಳೂ ಒಳ್ಳೆಯವೆ? ಅಲ್ಲ. ಕಾಳು ಜೊಳ್ಳು ಎಲ್ಲೆಲ್ಲಿಯೂ ಉಂಟು. ಇಷ್ಟು ಚರಿತ್ರೆಯನ್ನು ನೋಡಿದ ಮೇಲೆ ತಂದೆತಾಯಿಗಳಿಗೆ ನಾನು ಹೇಳುವ ಪರೀಕ್ಷೆ ಸರಳವಾದುದು. ಒಂದು: ಕಥೆಯ ಪ್ರೇಮಿಗೆ ಎದುರು ನುಡಿಯಬಲ್ಲ ಒಬ್ಬ ಕಪಿಂಜಲನಿದ್ದಾನೆಯೆ? ಎರಡು: ಹುಡುಗಿ ಒಲ್ಲೆನೆಂದರೆ ಆ ಮಾತಿಗೆ ಕಥೆಯಲ್ಲಿ ಬೆಲೆಯುಂಟೆ, ಇಲ್ಲವೆ ಹಟದಿಂದ ಅವಳನ್ನು ಒಲಿಸಿಕೊಂಡುದೇ ಗೆಲುವೆಂದು ತೋರಿಸಿದೆಯೆ? ಮೂರು: ಒಲವು ಮುರಿದು ಬಿದ್ದ ಮೇಲೂ ಬದುಕಿಗೆ ದಾರಿಯಿದೆಯೆಂಬ ಅರಿವು ಅಲ್ಲಿದೆಯೆ? ಗೆಳೆತನವನ್ನು ಹೊರಗಟ್ಟಿ ಒಲವೊಂದನ್ನೇ ಮೆರೆಸುವ ಕಥೆ ಹರೆಯದವರನ್ನು ಒಂಟಿಯಾಗಿಸುತ್ತದೆ, ಒಂಟಿತನದಲ್ಲಿಯೇ ಅಪಾಯ. ಹತ್ತನೆಯ ತರಗತಿಯ ಒಂದೊಂದು ಕೊಠಡಿಯಲ್ಲಿಯೂ ಯಾರಿಗೂ ಹೇಳಿಕೊಳ್ಳಲಾರದೆ ಕೊರಗುವ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ಉಪದೇಶಕ್ಕಿಂತ ಮೊದಲು ಬೇಕಾದುದು ಜೊತೆ.

ಈ ಪರೀಕ್ಷೆಯನ್ನು ಮಾಡಬೇಕಾದರೆ ಹಿರಿಯರು ಆ ಪುಸ್ತಕವನ್ನು ಓದಲೇಬೇಕು. ಮಗಳ ಕೈಯಿಂದ ಕಸಿದುಕೊಳ್ಳುವ ಬದಲು, “ನೀನು ಮುಗಿಸಿದ ಮೇಲೆ ನನಗೂ ಕೊಡಮ್ಮ” ಎಂದು ಕೇಳಿ ನೋಡಿ. ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದಾದ ಪುಸ್ತಕ ಅದು. ಓದಿ ಮುಗಿಸಿದ ದಿನ ಅವಳೊಡನೆ ಮಾತನಾಡಲು ತಮಗೆ ಒಂದು ವಿಷಯ ದೊರೆಯುತ್ತದೆ, ಅವಳಿಗೂ ತಮ್ಮೊಡನೆ.