ಕೂಜದಿಂದ ಸೀಸೆಗೆ

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಗರದ ಕಸವನ್ನು ಅನೇಕ ವರ್ಷಗಳ ಕಾಲ ತಂದು ಸುರಿದ ಸ್ಥಳವೊಂದುಂಟು. ಜನರು ಅದನ್ನು ಸೂಯೇಜ್ ಫಾರಂ ಎಂದು ಕರೆಯುವರು. ನಾವು ಗಳಿಗೆಮಾತ್ರ ಬಳಸಿ ಎಸೆಯುವ ನೀರಿನ ಸೀಸೆಗಳಿಗೆ ಇಂಥ ರಾಶಿಗಳೇ ಗತಿ. ನಮ್ಮ ಹಿರಿಯರಾದರೋ ನೀರಿನ ಪಾತ್ರೆಯನ್ನು ಮೊಮ್ಮಕ್ಕಳಿಗೂ ಉಳಿಸಿ ಹೋದರು. ಈ ವ್ಯತ್ಯಾಸವು ಹೇಗೆ ಬಂದಿತೆಂಬುದು ವಿಚಾರಾರ್ಹವಾಗಿದೆ.

ಹೊಲಕ್ಕೆ ಹೋಗುವ ರೈತನಿಗೆ ಒಣಗಿಸಿದ ಸೋರೆಬುರುಡೆಯೇ ನೀರಿನ ಪಾತ್ರೆಯಾಗಿದ್ದಿತು. ಮನೆಯಲ್ಲಿ ಮಣ್ಣಿನ ಹೂಜಿಯಿತ್ತು. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಶಾಖವನ್ನು ಸೆಳೆದುಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುವುದು. ಆದರೆ ಮಣ್ಣು ಪ್ರಯಾಣದ ಪೆಟ್ಟನ್ನು ತಾಳದು. ಪ್ರಯಾಣಕ್ಕೆ ತಿರುಪಿನ ಮುಚ್ಚಳವೂ ಹಿಡಿಯೂ ಉಳ್ಳ ಹಿತ್ತಾಳೆಯ ಕೂಜವೇ ಬೇಕು. ೧೮೮೨ರಲ್ಲಿ ಮೈಸೂರಿಗೆ ರೈಲು ಬಂದ ಮೇಲೂ ಮಡಿವಂತರು ಕೂಜವಿಲ್ಲದೆ ಗಾಡಿ ಹತ್ತುತ್ತಿರಲಿಲ್ಲ. ಅನ್ಯಜಾತಿಯವರು ಮುಟ್ಟಿದ ನೀರು ಒಲ್ಲೆನೆಂಬ ಹಟವೂ ಆ ಕೂಜದಲ್ಲಿ ತುಂಬಿತ್ತೆಂಬುದನ್ನು ಮರೆಮಾಚಲಾಗದು. ಆ ಹಟವು ತೊಲಗತಕ್ಕದ್ದೇ. ಪಾತ್ರೆಯನ್ನು ಕಾಪಾಡಿಕೊಳ್ಳುವ ಗುಣವು ಮಾತ್ರ ಉಳಿಯತಕ್ಕದ್ದು.

ತಾಮ್ರದ ಚೆಂಬಿನಲ್ಲಿ ರಾತ್ರಿಯೆಲ್ಲ ಇಟ್ಟ ನೀರು ಒಳ್ಳೆಯದೆಂಬ ನಂಬಿಕೆ ಹಳೆಯದು. ಬೆಂಗಳೂರಿನ ಆಯುರ್ವೇದ ಸಂಶೋಧನ ಸಂಸ್ಥೆಯೊಂದರ ವಿಜ್ಞಾನಿಗಳು ಭಾಗವಹಿಸಿ ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನು ಸಮರ್ಥಿಸಿತು: ೧೬ ಗಂಟೆಗಳ ಕಾಲ ತಾಮ್ರದಲ್ಲಿಟ್ಟ ನೀರಿನಲ್ಲಿ, ಅದಕ್ಕೆ ಬೆರೆಸಿದ್ದ ಭೇದಿರೋಗದ ಕ್ರಿಮಿಗಳು ಉಳಿಯಲಿಲ್ಲ. ಆದರೆ ಮಜ್ಜಿಗೆ, ನಿಂಬೆಯ ಪಾನಕ ಮೊದಲಾದ ಹುಳಿ ಪದಾರ್ಥಗಳನ್ನು ತಾಮ್ರದಲ್ಲಿ ಇಡಕೂಡದು. ಹುಳಿಯು ಲೋಹವನ್ನು ಕರಗಿಸುವುದು. ಹಿತ್ತಾಳೆಗೆ ಕಲಾಯಿ ಹಾಕಿಸುತ್ತಿದ್ದುದೂ ಇದೇ ಕಾರಣದಿಂದ. ೧೯೧೩ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿಯು ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದನು. ಮುಂದೆ ಆ ಜಾತಿಯ ಉಕ್ಕಿನ ಪಾತ್ರೆಗಳು ಬಳಕೆಗೆ ಬಂದ ಮೇಲೆ ಕಲಾಯಿಯ ಚಿಂತೆ ತಪ್ಪಿತು.

೧೯೭೩ರಲ್ಲಿ ಅಮೆರಿಕೆಯ ನಥಾನಿಯಲ್ ವೈಯತ್‌ಗೆ ಪೆಟ್ ಎಂಬ ಪ್ಲಾಸ್ಟಿಕ್ಕಿನ ಸೀಸೆಗೆ ಹಕ್ಕುಪತ್ರ ದೊರೆಯಿತು. ಸೀಸೆ ಹಗುರವಾಯಿತು, ಅದರೊಡನೆ ಎಸೆಯುವುದೂ ಹಗುರವಾಯಿತು.

ಹಾಗಾದರೆ ನಿತ್ಯದ ಬಳಕೆಗೆ ಯಾವುದನ್ನು ಆರಿಸತಕ್ಕದ್ದು? ಬರಿಯ ನೀರಿಗೆ ತಾಮ್ರವಾದೀತು. ಮಜ್ಜಿಗೆಯನ್ನೂ ಒಯ್ಯುವವರಿಗೆ ಉಕ್ಕೇ ಲೇಸು. ಬಾಯಿಯು ಒಳಗಡೆ ಉಜ್ಜಿ ತೊಳೆಯುವಷ್ಟು ಅಗಲವಾಗಿರಲಿ. ಮುಚ್ಚಳವು ಸೋರದಿರಲಿ, ಸವೆದರೆ ಬೇರೊಂದು ದೊರೆಯುವಂತಿರಲಿ. ಈ ಲಕ್ಷಣಗಳನ್ನು ಕೊಳ್ಳುವಾಗಲೇ ಪರೀಕ್ಷಿಸುವುದು ಮೇಲು. ಅಜ್ಜಿಯ ಕೂಜವು ಅಟ್ಟದಲ್ಲಿ ಇನ್ನೂ ಉಳಿದಿದೆ. ನಾವು ಕೊಳ್ಳುವ ಪಾತ್ರೆಯೂ ನಮ್ಮ ಮನೆಯಲ್ಲಿಯೇ ಉಳಿದರೆ ವಿದ್ಯಾರಣ್ಯಪುರಂನಂಥ ನೆರೆಹೊರೆಗೆ ಅಷ್ಟರಮಟ್ಟಿಗೆ ಭಾರವು ತಪ್ಪುವುದು.